ಘಟ್ಟದ ಹಾದಿಯ ಲೆಕ್ಕ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ನೀನು ಬೆಂಗಳೂರು ತಲುಪಿ ಮರುದಿನವೇ ಕೆಲಸಕ್ಕೆ ಹಾಜರಾದೆಯೆಂದು ಅಕ್ಕ ತಿಳಿಸಿದಳು. ನಾವಿಬ್ಬರೂ ಜೊತೆಯಾಗಿ ಬಂದ ರೈಲಿನಿಂದ ನಾನು ಹಾಸನದಲ್ಲಿ ಇಳಿಯುವ ಗಡಿಬಿಡಿಯಲ್ಲಿ ಹೇಳದೆ ಉಳಿದ ಒಂದು ಮಾತನ್ನು ಈಗ ಬರೆಯುತ್ತಿದ್ದೇನೆ.

ಮಂಗಳೂರಿನ ಹಗಲು ರೈಲು ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ನಿಂತಾಗ ಹಿಂದಿನಿಂದ ಬೇರೆ ಎಂಜಿನ್‌ಗಳನ್ನು ಜೋಡಿಸಿದರು. ಅಲ್ಲಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರ್ ಹಾದಿ ಐವತ್ತು ಅಡಿಗೆ ಒಂದು ಅಡಿಯಂತೆ ಏರುವುದರಿಂದ, ಮುಂದಿನ ಎಳೆತಕ್ಕೆ ಹಿಂದಿನ ನೂಕು ಸೇರದೆ ಗಾಡಿ ಘಟ್ಟ ಹತ್ತುವುದಿಲ್ಲ. ಎಡಕುಮೇರಿ ಹತ್ತಿರವಾದಾಗ ನೀನು ಫೋನನ್ನು ಕಿಟಕಿಗೆ ಹಿಡಿದು, "ಮಾವ, ಇಲ್ಲಿ ಸಿಗ್ನಲ್ಲೇ ಇಲ್ಲ" ಎಂದೆ. ಆ ಹೊತ್ತಿಗೆ ನಾನೂ ಸಿಗ್ನಲನ್ನೇ ನೋಡುತ್ತಿದ್ದೆ. ನನ್ನದು ಕಂಬದ ಮೇಲಿನದು, ಹಸಿರಾಗಿಯೇ ಇತ್ತು.

ರೈಲಿನ ಗಾರ್ಡ್ ಆಗಿ ನಾನು ಸಂಬಳ ಪಡೆದದ್ದು ಬಹುಪಾಲು ನೋಡುವುದಕ್ಕಾಗಿಯೇ. ನಿಲ್ಲದೆ ಸಾಗುವ ನಿಲ್ದಾಣದಲ್ಲೂ ಸ್ಟೇಷನ್ ಮಾಸ್ತರರು ಹಸಿರು ಬಾವುಟ ಹಿಡಿದು ಹೊರಗೆ ನಿಂತಿರುತ್ತಾರೆ. ಅದು ಬರಿಯ ಮರ್ಯಾದೆಯಲ್ಲ. ಯಾವುದಾದರೂ ಗಾಲಿಯ ಅಚ್ಚು ಕಾಯ್ದು ಹೊಗೆಯಾಡುತ್ತಿದೆಯೇ, ಕೆಳಗೆ ಏನಾದರೂ ಜೋತಾಡುತ್ತಿದೆಯೇ ಎಂದು ಅವರು ಪ್ರತಿಯೊಂದು ಬೋಗಿಯನ್ನೂ ನೋಡಿ ಬಾವುಟ ತೋರಿಸುತ್ತಾರೆ, ನಾವು ನಮ್ಮ ಬಾವುಟದಿಂದ ಉತ್ತರ ಕೊಡುತ್ತೇವೆ. ಸುರಂಗದ ಗೋಡೆಯಲ್ಲಿ ಕೊರೆದ ಗೂಡುಗಳಲ್ಲಿ, ಗಾಡಿ ಹೋಗಲೆಂದು ಹಾರೆ ಹಿಡಿದು ಗೋಡೆಗೊರಗಿ ನಿಂತ ಗ್ಯಾಂಗ್‌ಮನ್ನರೂ ಅಂದು ನಮ್ಮ ಕಿಟಕಿಯಿಂದ ಒಂದೆರಡು ಮೊಳ ದೂರದಲ್ಲೇ ಇದ್ದರು. ನಿನ್ನ ಫೋನಿನ ಬೆಳಕು ಗಾಜಿನ ಮೇಲೆ ಬಿದ್ದು ನಿನಗೆ ಕಂಡದ್ದು ನಿನ್ನದೇ ಮುಖ.

ಎದುರು ಕುಳಿತಿದ್ದ ಅಮ್ಮನವರು ನಿನ್ನನ್ನು ಎರಡು ಸಲ "ಯಾವೂರು ಮಗಾ?" ಎಂದು ಕೇಳಿದರು. ನೀನು ಒಂದು ಕಿವಿಯ ಇಯರ್‌ಫೋನ್ ತೆಗೆದು "ಹಾಂ?" ಎಂದವನು ಉತ್ತರ ಕೊಡದೆಯೇ ಅದನ್ನು ಮತ್ತೆ ಸಿಕ್ಕಿಸಿಕೊಂಡೆ. ನನಗೆ ನೋವಾದದ್ದು ಅಲ್ಲಿ, ಘಟ್ಟ ನೋಡದ್ದಕ್ಕಲ್ಲ. ಅವರು ಶಂಕರಪುರದ ಮಲ್ಲಿಗೆಯನ್ನು ಬಾಳೆಎಲೆಯಲ್ಲಿ ಸುತ್ತಿ ಮಗಳ ಮನೆಯ ಸೀಮಂತಕ್ಕೆ ಒಯ್ಯುತ್ತಿದ್ದರು. ಎಂಟುನೂರು ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹೇಳಿ, ಬಾಳೆನಾರಿನಲ್ಲಿ ಗಂಟು ಹಾಕುವ ಬಗೆಯನ್ನು ಬರಿಗೈಯಲ್ಲೇ ಮಾಡಿ ತೋರಿಸಿದರು. ಅಷ್ಟು ವರ್ಷ ಆ ಹೂವನ್ನು ಅತ್ತೆಗೆ ಕೊಂಡು ತಂದ ನನಗೇ ಈ ಲೆಕ್ಕ ತಿಳಿದಿರಲಿಲ್ಲ.

ನಿನ್ನನ್ನು ದೂರುವ ಅಧಿಕಾರ ನನಗೆ ಪೂರ್ತಿಯಾಗಿ ಇಲ್ಲವೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಕೆಲಸದ ಮೇಲಿರುವಾಗ ಕಣ್ಣು ಮಿಟುಕಿಸದ ನಾನು, ರಜೆಯಲ್ಲಿ ಹೆಂಡತಿ ಮಕ್ಕಳೊಡನೆ ಹೊರಟಾಗ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದೆ; ಮಕ್ಕಳು "ಅಪ್ಪಾ, ನೋಡು" ಎಂದು ತೋರಿಸಿದ್ದರಲ್ಲಿ ಅರ್ಧಕ್ಕೂ ತಲೆಯೆತ್ತಲಿಲ್ಲ. ಈಗ ಅವರು ಬಂದಾಗ ತಲೆ ತಗ್ಗಿಸಿ ಫೋನ್ ನೋಡುತ್ತಾರೆ; ಕೇಳಲು ನನಗೆ ಬಾಯಿಲ್ಲ.

ಫೋನನ್ನು ಮನೆಯಲ್ಲಿ ಬಿಟ್ಟು ಬಾ ಎನ್ನುವುದಿಲ್ಲ. ಟಿಕೆಟ್ಟೂ ಅದರಲ್ಲೇ ಇದೆ, ಅಕ್ಕನಿಗೆ ತಲುಪಿದ ಸುದ್ದಿಯನ್ನೂ ತಿಳಿಸಬೇಕು. ಆದರೆ ಘಟ್ಟದ ಎರಡು ತಾಸು ಅದು ಚೀಲದೊಳಗಿರಲಿ, ಎದುರಿನವರು ಮಾತನಾಡಿಸಿದರೆ ಎರಡು ಕಿವಿಯೂ ಖಾಲಿಯಿರಲಿ. ಆ ದಾರಿಯಲ್ಲಿ 57 ಸುರಂಗಗಳಿವೆಯೆನ್ನುತ್ತಾರೆ. ನಾನು ಎಷ್ಟೋ ಸಲ ಎಣಿಸಲು ಹೊರಟು, ನಡುವೆ ಯಾವುದೋ ಝರಿಯನ್ನು ನೋಡುತ್ತ ಲೆಕ್ಕ ತಪ್ಪಿದ್ದೇನೆ. ದೀಪಾವಳಿಗೆ ಬರುವಾಗ ನೀನೊಮ್ಮೆ ಎಣಿಸು. ಎಷ್ಟಾಯಿತೆಂದು, ಎಲ್ಲಿ ತಪ್ಪಿತೆಂದು ನನಗೊಂದು ಕಾಗದ ಬರೆ.

ಇತಿ ನಿನ್ನ ಮಾವ