ತುರ್ತು ಕರೆ ಹೋಯಿತು, ಊರು ಸಿಗಲಿಲ್ಲ

ಮಾನ್ಯ ಸಂಪಾದಕರೇ,

ಹೋದ ವರ್ಷ ಶ್ರಾವಣದಲ್ಲಿ ನಮ್ಮ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳಿಗೆ ಹಾವು ಕಚ್ಚಿತು. ಕೂಡಲೇ ಮೊಬೈಲ್‌ನಿಂದ ತುರ್ತು ನಂಬರ್ 112ಕ್ಕೆ ಫೋನ್ ಹಚ್ಚಿದೆ. ಆ ಕಡೆಯಿಂದ ತೆಲುಗು ಮಾತು ಬಂತು. ನಮ್ಮದು ಚಿಂಚೋಳಿ ತಾಲ್ಲೂಕಿನ ಗಡಿ, ಆಚೆಗೆ ತೆಲಂಗಾಣ. ಫೋನ್ ಹಿಡಿದಿದ್ದು ಆಚೆಯ ಟವರ್. ಬದುವಿನ ಮೇಲೆ ಓಡಿ ಹೋಗಿ ಮತ್ತೆ ಹಚ್ಚಿದೆ. ಈ ಸಲ ಕನ್ನಡದವರು ಸಿಕ್ಕರು. 'ಲ್ಯಾಂಡ್‌ಮಾರ್ಕ್ ಹೇಳಿ' ಅಂದರು. ಬೇವಿನ ಮರ, ಬಾವಿ, ಹಣಮಪ್ಪನ ಗುಡಿ ಅಂದೆ. ಈ ಮೂರೂ ಇಲ್ಲದ ಊರು ನಮ್ಮ ಕಡೆ ಯಾವುದಿದೆ? ತಾಂಡಾದ ಹೆಸರು ಹೇಳಿದರೆ ಅದೇ ಹೆಸರಿನ ಇನ್ನೊಂದು ತಾಂಡಾ ಇದೆ. ಕೊನೆಗೆ ಪಕ್ಕದ ಹೊಲದವರ ಟಂಟಂನಲ್ಲಿ ಆಕೆಯನ್ನು ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಆದರೆ ಆ ಅರ್ಧ ಗಂಟೆ ಇನ್ನೂ ನನ್ನ ಕಣ್ಣ ಮುಂದಿದೆ.

112 ಒಳ್ಳೆಯ ವ್ಯವಸ್ಥೆ. ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲಕ್ಕೂ ಒಂದೇ ನಂಬರ್. ನಿರ್ಭಯಾ ನಿಧಿಯ ಹಣದಲ್ಲಿ 2018ರಲ್ಲಿ ಹಿಮಾಚಲ ಪ್ರದೇಶದಿಂದ ಶುರುವಾಗಿ ನಮ್ಮ ರಾಜ್ಯಕ್ಕೂ ಬಂತು. ಆದರೆ ಫೋನಿನ ಜಿಪಿಎಸ್ ಸಿಗದಿದ್ದರೆ ಟವರ್ ನೋಡಿಯೇ ಜಾಗ ಅಂದಾಜು ಮಾಡಬೇಕು. ಪಟ್ಟಣದಲ್ಲಿ ಟವರ್ ಜಾಸ್ತಿ, ಹಾಗಾಗಿ ಅಂದಾಜು ಹತ್ತಿರ ಬರುತ್ತದೆ. ನಮ್ಮಲ್ಲಿ ಒಂದು ಟವರ್‌ಗೆ ಹಲವು ಕಿಲೋಮೀಟರ್ ಹೊಲ, ಅಡವಿ. ಕೀಪ್ಯಾಡ್ ಫೋನ್ ಇಟ್ಟುಕೊಂಡ ಕೂಲಿಯವರನ್ನು ಅಲ್ಲಿ ಎಲ್ಲಿ ಅಂತ ಹುಡುಕುವುದು?

ಈ ತೊಂದರೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಅಲ್ಲಿನ ತುರ್ತು ನಂಬರ್ 911ಕ್ಕೆ ಮೊದಲ ಕರೆ ಹೋಗಿದ್ದು 1968ರಲ್ಲಿ, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಿಂದ. ಮೊಬೈಲ್ ಬಂದ ಮೇಲೆ ಅಲ್ಲೂ ಕರೆ ಮಾಡಿದವರ ವಿಳಾಸ ಸಿಗದಂತಾಯಿತು. 1996ರಲ್ಲಿ ಅಲ್ಲಿನ ಸಂಪರ್ಕ ಆಯೋಗ, ಕರೆ ಮಾಡಿದವರು ಎಲ್ಲಿದ್ದಾರೆ ಎಂದು ಮೊಬೈಲ್ ಕಂಪನಿಗಳೇ ತಿಳಿಸಬೇಕು ಅಂತ ನಿಯಮ ಮಾಡಿತು. ಖರ್ಚಿಗೆ ಹಲವು ರಾಜ್ಯಗಳು ಫೋನ್ ಬಿಲ್ಲಿನಲ್ಲೇ ಸಣ್ಣ ಶುಲ್ಕ ಸೇರಿಸಿದವು. ಕೆಲವು ರಾಜ್ಯಗಳು ಆ ದುಡ್ಡನ್ನು ಬೇರೆ ಕೆಲಸಕ್ಕೆ ತಿರುಗಿಸಿದವು. ಈಗ ಆಯೋಗ ಪ್ರತಿ ವರ್ಷ ಅಂಥ ರಾಜ್ಯಗಳ ಹೆಸರು ಪ್ರಕಟಿಸುತ್ತದೆ. ಇದು ನಮಗೂ ಬೇಕು.

ಯಾಕಂದರೆ ದುಡ್ಡು ನಮ್ಮಲ್ಲೂ ಇದೆ. ಟೆಲಿಕಾಂ ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದು ರೂಪಾಯಿ ಹಳ್ಳಿಗಳ ಸಂಪರ್ಕಕ್ಕೆ ಅಂತಲೇ ಹೋಗುತ್ತದೆ. ಆ ನಿಧಿಗೆ ಈಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು. ಜೊತೆಗೆ ಕಲಬುರಗಿಯಲ್ಲೇ ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಸಂವಿಧಾನದ 371(ಜೆ) ವಿಧಿ ಬಂದಿದ್ದೇ ಹಿಂದುಳಿದ ಈ ಭಾಗಕ್ಕಾಗಿ ಅಲ್ವಾ? ರಸ್ತೆ, ಕಟ್ಟಡಕ್ಕೆ ಕೊಡುವುದರಲ್ಲಿ ಒಂದು ಸಣ್ಣ ಪಾಲನ್ನು ತುರ್ತು ಕರೆಗೆ ಬೇರೆ ತಲೆಬರಹದಲ್ಲಿ ಇಡಲಿ. ಅದು ಎಲ್ಲಿ ಖರ್ಚಾಯಿತು ಎಂದು ವರ್ಷಕ್ಕೊಮ್ಮೆ ಜನರಿಗೆ ತಿಳಿಸಲಿ.

ಆ ದುಡ್ಡಿನಲ್ಲಿ ಮೊದಲು ತರಬೇತಿ ಆಗಬೇಕು. ಕರೆ ಎತ್ತುವವರಿಗೆ ನಮ್ಮ ಕಡೆಯ ಕನ್ನಡ ತಿಳಿಯಬೇಕು. ಗಾಬರಿಯಲ್ಲಿ ಮನುಷ್ಯ ಮನೆ ಮಾತನ್ನೇ ಆಡುತ್ತಾನೆ. ಇಲ್ಲಿ ಆ ಮಾತು ಲಂಬಾಣಿ ಇರಬಹುದು, ಉರ್ದು ಇರಬಹುದು, ಔರಾದ್ ಕಡೆ ಮರಾಠಿ ಇರಬಹುದು. ಕರೆ ಪಕ್ಕದ ರಾಜ್ಯಕ್ಕೆ ಹೋದರೆ ಅವರು ಅಲ್ಲಿಂದಲೇ ನಮ್ಮ ಜಿಲ್ಲೆಗೆ ಜೋಡಿಸಿಕೊಡುವುದನ್ನೂ ರೂಢಿ ಮಾಡಿಸಬೇಕು.

ಕರೆ ಮಾಡುವವರಿಗೂ ಕಲಿಸಬೇಕು. 2017ರಿಂದ ಮಾರುವ ಮೊಬೈಲ್‌ಗಳಲ್ಲಿ ತುರ್ತು ಬಟನ್ ಇರಲೇಬೇಕು ಅಂತ ನಿಯಮವಿದೆ. ಸ್ಮಾರ್ಟ್‌ಫೋನ್‌ನಲ್ಲಿ ಪವರ್ ಬಟನ್ ಬೇಗ ಬೇಗ ಮೂರು ಸಲ ಒತ್ತಬೇಕು. ಕೀಪ್ಯಾಡ್ ಫೋನ್‌ನಲ್ಲಿ 5 ಅಥವಾ 9 ಅನ್ನು ಒತ್ತಿ ಹಿಡಿಯಬೇಕು. ನಮ್ಮ ಊರಿನ ಸ್ವಸಹಾಯ ಸಂಘದಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಆಶಾ ಕಾರ್ಯಕರ್ತೆಯರಿಗೆ ಒಂದು ದಿನ ತರಬೇತಿ ಕೊಟ್ಟರೆ ಸಾಕು, ಅವರು ಮನೆ ಮನೆಗೆ ಮುಟ್ಟಿಸುತ್ತಾರೆ.

ಇನ್ನೊಂದು ಮಾತು. ಹೊಲಗಳ ನಡುವೆ ವಿದ್ಯುತ್ ಕಂಪನಿ ಜೆಸ್ಕಾಂನ ಟಿಸಿಗಳು, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್‌ಗಳು ಇವೆ. ಲೈನ್‌ಮನ್‌ಗೆ ಯಾವ ಟಿಸಿ ಎಲ್ಲಿದೆ ಎಂದು ಬಾಯಿಪಾಠ. ಪ್ರತಿಯೊಂದಕ್ಕೂ ದಪ್ಪ ಅಕ್ಷರದಲ್ಲಿ ನಂಬರ್ ಬರೆಸಿ, ತುರ್ತು ಕರೆಯ ನಕ್ಷೆಗೆ ಸೇರಿಸಿದರೆ, 'ಇಂಥ ನಂಬರಿನ ಟಿಸಿ ಹತ್ತಿರ ಇದ್ದೇವೆ' ಅಂದರೆ ಸಾಕು. ಭೀಮಾ ನದಿಗೆ ಪ್ರವಾಹ ಬಂದು ದಾರಿ ಮುಳುಗಿದಾಗಲೂ ಇದು ಕೆಲಸಕ್ಕೆ ಬರುತ್ತದೆ.

ಮಂಡಳಿಯ ಮುಂದಿನ ಕ್ರಿಯಾ ಯೋಜನೆಯಲ್ಲೇ ಇದನ್ನು ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಗಡಿಯ ಚಿಂಚೋಳಿ, ಔರಾದ್, ಗುರುಮಠಕಲ್ ತಾಲ್ಲೂಕುಗಳಿಂದ ಶುರು ಮಾಡಲಿ. ನಮ್ಮ ಊರಿನ ಹೊಲ, ದಾರಿ, ಟಿಸಿಗಳ ಪಟ್ಟಿಯನ್ನು ನಾವೇ ಓಡಾಡಿ ಬರೆದುಕೊಡುತ್ತೇವೆ.

– ಒಬ್ಬ ನಿವೃತ್ತ ಶಿಕ್ಷಕ, ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ