ಸ್ಕ್ಯಾನ್ ವರದಿಯ ಕೊನೆಯ ಸಾಲನ್ನೂ ಓದಿ ಹೇಳಿ

ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಮೆದುಳಿನ ಗೆಡ್ಡೆಯ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಗೆಡ್ಡೆಯ ಜೊತೆಗೇ ರಕ್ತನಾಳದ ಉಬ್ಬು ಅನ್ನುವ ಇನ್ನೊಂದು ತೊಂದರೆ ಅಡಗಿ ಕೂತಿರಬಹುದು ಅನ್ನುವ ಮಾತು ಅದರಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಿ ಆಗಿದ್ದು ಅದೇ.

ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಹೋದ ವರ್ಷ ರೋಬಸ್ಟಾ ಕೊಯ್ಲಿನ ಹೊತ್ತಿಗೆ ಅಕ್ಕನಿಗೆ ಬೆಳಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ. ಕಾಫಿ ಕಣದಲ್ಲಿ ಬಿಸಿಲಿಗೆ ನಿಂತಿದ್ದಕ್ಕೆ ಅಂದುಕೊಂಡು ಎರಡು ತಿಂಗಳು ಸುಮ್ನೆ ಕಳೆದೆವು. ಕೊನೆಗೆ ಎಂಆರ್‌ಐ ಮಾಡಿಸಿದಾಗ ಮೆನಿಂಜಿಯೋಮಾ ಅಂದರು. ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಗೆಡ್ಡೆ. ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂದಾಗ ಹೋದ ಜೀವ ಬಂತು. ಆಪರೇಷನ್‌ಗೆ ದಿನವೂ ಗೊತ್ತಾಯಿತು.

ವರದಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಸಾಲಿತ್ತು. ರಕ್ತನಾಳವೊಂದು ಉಬ್ಬಿದಂತಿದೆ, ಆಂಜಿಯೋಗ್ರಾಂ (ರಕ್ತನಾಳ ತೋರಿಸುವ ಸ್ಕ್ಯಾನ್) ಮಾಡಿಸಿ ಅಂತ. ಯಾರೂ ನಮಗೆ ಓದಿ ಹೇಳಲಿಲ್ಲ. ಗೆಡ್ಡೆ ಅಂತ ಕಂಡ ಮೇಲೆ ನಾನೂ ಮುಂದಕ್ಕೆ ಓದಲಿಲ್ಲ, ತಪ್ಪು ನನ್ನದೂ ಇದೆ. ಇನ್ನೊಬ್ಬರಿಗೂ ತೋರಿಸೋಣ ಅಂತ ಬೆಂಗಳೂರಿಗೆ ಹೋದಾಗ, ಅಲ್ಲಿನ ಡಾಕ್ಟರು ಮೊದಲು ಬೆರಳಿಟ್ಟಿದ್ದೇ ಆ ಸಾಲಿನ ಮೇಲೆ. ಸಿಟಿ ಆಂಜಿಯೋಗ್ರಾಂನಲ್ಲಿ ಉಬ್ಬು ಖಚಿತವಾಯಿತು. ಇದಕ್ಕೆ ಅನ್ಯೂರಿಸಂ ಅನ್ನುತ್ತಾರೆ.

ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಓಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಪಿನ ರಬ್ಬರ್ ಪೈಪು ಸವೆದ ಕಡೆ ಊದಿಕೊಳ್ಳುತ್ತದಲ್ವಾ, ಹಾಗೆ. ಒಡೆದರೆ ಮೆದುಳಿನ ಸುತ್ತ ರಕ್ತ. ಗೆಡ್ಡೆಯ ನೋವು ಸಾಮಾನ್ಯವಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಏರುತ್ತಾ ಹೋಗುತ್ತದೆ. ಉಬ್ಬು ಒಡೆದ ನೋವು ಸಿಡಿಲು ಬಡಿದ ಹಾಗೆ, ನಿಮಿಷದೊಳಗೆ ತುದಿಗೇರುತ್ತದೆ. ಆಗ ಕಷಾಯ ಕಾಯಿಸುತ್ತಾ ಕೂರಬಾರದು, ಗಾಡಿ ತೆಗೆಯಬೇಕು.

ಗೆಡ್ಡೆ ಒತ್ತಿ ಒತ್ತಿ ರಕ್ತನಾಳ ಉಬ್ಬಿತು ಅಂತ ನೆಂಟರು ತೀರ್ಪು ಕೊಟ್ಟರು. ಡಾಕ್ಟರು ಒಪ್ಪಲಿಲ್ಲ. ದೊಡ್ಡವರಲ್ಲಿ 100ಕ್ಕೆ ಸುಮಾರು 3 ಮಂದಿಗೆ ಇಂಥ ಉಬ್ಬು ಇರುತ್ತದಂತೆ. ಹೆಚ್ಚಿನವು ಒಡೆಯುವುದೇ ಇಲ್ಲ. ಗೆಡ್ಡೆಗೆಂದು ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತವೆ. ಮೆನಿಂಜಿಯೋಮಾ, ಪಿಟ್ಯುಟರಿ (ಮೆದುಳಿನ ಬುಡದ ಸಣ್ಣ ಗ್ರಂಥಿ) ಗೆಡ್ಡೆ ಇದ್ದವರಲ್ಲಿ ಎರಡೂ ಒಟ್ಟಿಗೆ ಸಿಕ್ಕಿದ್ದುಂಟು, ಆದರೆ ಒಂದರಿಂದಲೇ ಇನ್ನೊಂದು ಬಂತು ಅನ್ನಲು ಗಟ್ಟಿ ಆಧಾರ ಇಲ್ಲ. ಬಿಪಿ, ಬೀಡಿ ಸಿಗರೇಟಿನಿಂದ ಉಬ್ಬಿನ ಅಪಾಯ ಜಾಸ್ತಿ. ಅಕ್ಕನಿಗೆ ಬಿಪಿ ಇತ್ತು. ಮಾತ್ರೆ ನೆನಪಾದ ದಿನ ಮಾತ್ರ.

ಡಾಕ್ಟರು ಹೇಳಿದ ಇನ್ನೊಂದು ಮಾತು ಕೇಳಿ ಮೈ ಜುಮ್ಮೆಂದಿತು. ಪಿಟ್ಯುಟರಿ ಪಕ್ಕದ ದೊಡ್ಡ ಉಬ್ಬು ಒಮ್ಮೊಮ್ಮೆ ಸ್ಕ್ಯಾನ್‌ನಲ್ಲಿ ಗೆಡ್ಡೆಯಂತೆಯೇ ಕಾಣುತ್ತದೆ. ರಕ್ತನಾಳ ನೋಡದೆ ಗೆಡ್ಡೆ ಅಂತಲೇ ಕೈಹಾಕಿದರೆ?

ಅಕ್ಕನಿಗೆ ಎರಡೂ ಒಂದೇ ಕಡೆ ಇದ್ದವು. ಒಂದೇ ಆಪರೇಷನ್ನಿನಲ್ಲಿ ಮೊದಲು ಉಬ್ಬಿಗೆ ರಕ್ತ ಹೋಗದಂತೆ ಕ್ಲಿಪ್ ಹಾಕಿ, ಆಮೇಲೆ ಗೆಡ್ಡೆ ತೆಗೆದರು. ಎಲ್ಲರಿಗೂ ಹೀಗೇ ಅಂತಲ್ಲ. ಉಬ್ಬಿನ ಅಳತೆ, ಜಾಗ ನೋಡಿ ಕೆಲವರಿಗೆ ಉಬ್ಬಿನೊಳಗೆ ಕಾಯಿಲ್ (ತೆಳು ತಂತಿಯ ಸುರುಳಿ) ತುಂಬುತ್ತಾರೆ, ಕೆಲವರಿಗೆ ಬರೀ ಆಗಾಗ ಸ್ಕ್ಯಾನ್.

ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಅಷ್ಟು ದೂರ ಹೋಗಿ ತಂದ ಕಾಗದದಲ್ಲಿ ಏನಿದೆ ಅಂತ ಆಸ್ಪತ್ರೆಯವರು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಲಿ. ನೀವೂ ಆರೋಗ್ಯ ಪುಟದಲ್ಲಿ ಈ ಉಬ್ಬಿನ ಬಗ್ಗೆ ಒಬ್ಬ ನ್ಯೂರೋ ಡಾಕ್ಟರಿಂದ ಬರೆಸಿ.

ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು