ಹಳೆಯ ಬಲೆಯ ಹೊಗೆ, ಅದರೊಳಗಿನ ಸೀಸ: ಮೀನುಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಗೆ,
ಮೀನುಗಾರಿಕೆ ಮತ್ತು ಬಂದರು ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ. ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಬಲೆ ಬಿಚ್ಚಿ ನೋಡುವ, ಹರಿದದ್ದನ್ನು ಹೊಲಿಯುವ, ಹೊಲಿದರೂ ನಿಲ್ಲದ್ದನ್ನು ಎಸೆಯುವ ಕಾಲ ಅದು. ಎಸೆದದ್ದು ದೋಣಿ ನಿಲ್ಲುವ ಧಕ್ಕೆಯ ಹಿಂಬದಿಯಲ್ಲೋ ಅಳಿವೆಯ ದಂಡೆಯಲ್ಲೋ ರಾಶಿ ಬೀಳುತ್ತದೆ. ನೈಲಾನ್ ಬಲೆ, ಪಾಲಿಪ್ರೊಪಿಲೀನ್ ಹಗ್ಗ, ಬಿರಿದ ಪ್ಲಾಸ್ಟಿಕ್ ತೇಲುಗುಂಡು, ಥರ್ಮೋಕೋಲಿನ ಚೂರು, ಅಂಚಿಗೆ ಕಟ್ಟಿದ ಸೀಸದ ಗುಂಡು, ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಂಡು. ಈ ರಾಶಿಯನ್ನು ಆಡಳಿತ ಇದುವರೆಗೆ ಕಡಲತೀರದ ಅಂದಗೆಡಿಸುವ ಕಸವೆಂದೇ ನೋಡಿದೆ. ಅದು ರಾಸಾಯನಿಕ ತ್ಯಾಜ್ಯ, ಅದರ ಹಾನಿ ಮೊದಲು ತಗಲುವುದು ಮೀನುಗಾರರ ಮನೆಯ ಮಕ್ಕಳಿಗೆ ಎಂಬುದನ್ನು ತಮ್ಮ ಗಮನಕ್ಕೆ ತಂದು ಎರಡು ಕೋರಿಕೆಗಳನ್ನು ಮುಂದಿಡುವುದು ಈ ಪತ್ರದ ಉದ್ದೇಶ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು, ವೈದ್ಯನಲ್ಲ.

ರಾಶಿಗೆ ಬೆಂಕಿ ಬೀಳುವುದು ಮಾಮೂಲು. ಮಳೆ ಬಿಟ್ಟ ಒಂದು ಸಂಜೆ ಸಾಕು. ನೈಲಾನಿನಲ್ಲಿ ಸಾರಜನಕ ಇರುವುದರಿಂದ ಅದು ಅರೆಬರೆ ಉರಿದಾಗ ಇಂಗಾಲದ ಮಾನಾಕ್ಸೈಡಿನ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಹೊರಬೀಳುತ್ತದೆ. ಥರ್ಮೋಕೋಲಿನ ಕಪ್ಪು ಹೊಗೆಯಲ್ಲಿ ಸ್ಟೈರೀನ್, ಬೆಂಜೀನ್ ಮತ್ತು ಮಸಿ ಇರುತ್ತವೆ. ರಾಶಿಯಲ್ಲಿ ಪಿ.ವಿ.ಸಿ. ತೇಲುಗುಂಡುಗಳಿದ್ದರೆ ಹೈಡ್ರೋಜನ್ ಕ್ಲೋರೈಡ್ ಸೇರುತ್ತದೆ, ಜೊತೆಗೆ ಡಯಾಕ್ಸಿನ್‌ಗಳು ಹುಟ್ಟುತ್ತವೆ. ಡಯಾಕ್ಸಿನ್‌ಗಳಲ್ಲಿ ಅತ್ಯಂತ ಉಗ್ರವಾದದ್ದನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಇವು ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಗಾಳಿಗೆ ಚದುರಿಹೋಗುವ ಹೊಗೆಗಿಂತ ಬೂದಿಯ ಬಗ್ಗೆ ನನಗೆ ಹೆಚ್ಚು ಆತಂಕ, ಏಕೆಂದರೆ ಮರಳುನೆಲದಲ್ಲಿ ಆ ಬೂದಿಯ ಮೇಲೆ ಮಳೆ ಸುರಿಯುತ್ತದೆ, ಹತ್ತಿರದಲ್ಲೇ ಮನೆಮನೆಗೆ ಆಳವಿಲ್ಲದ ಬಾವಿ ಇದೆ. ಬಚ್ಚಲ ಒಲೆ ಹೊತ್ತಿಸಲು ತೆಂಗಿನ ಸಿಪ್ಪೆಯ ನಡುವೆ ಹಳೆಯ ಬಲೆಯ ತುಂಡು ತುರುಕುವ ಅಭ್ಯಾಸವನ್ನೂ ಕಂಡಿದ್ದೇನೆ. ಅಲ್ಲಿ ಹೊಗೆ ಚದುರುವುದಕ್ಕೂ ಜಾಗವಿಲ್ಲ. ಒಲೆಯ ಮುಂದೆ ಕುಳಿತವರು, ಸಾಮಾನ್ಯವಾಗಿ ಹೆಂಗಸರು, ಅದನ್ನು ನೇರವಾಗಿ ಕುಡಿಯುತ್ತಾರೆ.

ಇನ್ನು ಸೀಸ. ಕಂತಬಲೆಯ ಕೆಳ ಅಂಚನ್ನು ನೀರಿನಲ್ಲಿ ಇಳಿಬಿಡಲು ಸಾಲಾಗಿ ಸೀಸದ ಗುಂಡು ಕಟ್ಟುತ್ತಾರೆ. ಬಲೆ ಹಾಳಾದರೂ ಸೀಸಕ್ಕೆ ಗುಜರಿಯಲ್ಲಿ ಬೆಲೆಯಿದೆ, ಹೊಸ ಬಲೆಗೂ ಬೇಕು. ಒಂದೊಂದೇ ಗುಂಡನ್ನು ಕತ್ತರಿಸಿ ಬಿಡಿಸುವುದಕ್ಕಿಂತ ಬಲೆಯನ್ನೇ ಸುಟ್ಟು ಬೂದಿ ಕೆದಕುವುದು ಸುಲಭ. ಹೀಗೆ ಕೂಡಿದ ಸೀಸವನ್ನು ಹಳೆಯ ಬಾಣಲೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುವ ಕೆಲಸ ಮನೆಯ ಹಿತ್ತಿಲಲ್ಲೇ ನಡೆಯುತ್ತದೆ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು, ಕಟ್ಟಿಗೆಯ ಒಲೆ ಅದನ್ನು ನಿರಾಯಾಸವಾಗಿ ದಾಟುತ್ತದೆ. ಕರಗಿದ ಲೋಹದ ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟವನ್ನು ಚಮಚದಿಂದ ಬಳಿದು ಪಕ್ಕಕ್ಕೆ ಚೆಲ್ಲುತ್ತಾರೆ. ಒಣಗಿದ ಮೇಲೆ ಅದು ಸೀಸದ ಆಕ್ಸೈಡಿನ ಪುಡಿ, ಕೋಳಿ ಕೆದಕುವ, ಮಗು ತೆವಳುವ ಅಂಗಳದ ಧೂಳು.

ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದ ಒಂದು ಡೆಸಿಲೀಟರಿನಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಕಂಡರೆ ಅದರ ಮೂಲವನ್ನು ಹುಡುಕಿ ತಡೆಯಬೇಕೆಂದು ಅದರ 2021ರ ಮಾರ್ಗಸೂಚಿ ಸೂಚಿಸಿದೆ. ಚಿಕ್ಕ ಮಕ್ಕಳ ಕರುಳು ಸೀಸವನ್ನು ದೊಡ್ಡವರಿಗಿಂತ ಎಷ್ಟೋ ಪಾಲು ಹೆಚ್ಚು ಹೀರಿಕೊಳ್ಳುತ್ತದೆ. ಬೆಳೆಯುವ ಮಿದುಳಿಗೆ ಆದ ಹಾನಿಯನ್ನು ಮುಂದೆ ಯಾವ ಔಷಧವೂ ಸರಿಪಡಿಸದು. ಗರ್ಭಿಣಿಯ ಮೂಳೆಯಲ್ಲಿ ಹಿಂದೆಂದೋ ಸೇರಿದ ಸೀಸ ಕರಗಿ ಹೊಟ್ಟೆಯ ಮಗುವಿಗೆ ದಾಟಬಲ್ಲದು. ದಕ್ಷಿಣ ಥಾಯ್ಲೆಂಡಿನಲ್ಲಿ ಬಲೆಗೆ ಸೀಸ ಕಟ್ಟುವ ಮನೆಗಳಿರುವ ಊರುಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ ಈ ಅಪಾಯ ನಿಜವೆಂದು ಕಂಡುಬಂದಿದೆ. ಅಲ್ಲಿಯ ಮೀನುಗಾರರ ಕೆಲಸಕ್ಕೂ ನಮ್ಮವರ ಕೆಲಸಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಪಾಠ ತಲೆಗೆ ಹತ್ತದ ಹುಡುಗನನ್ನು ದಡ್ಡನೆಂದು ಕರೆಯುವ ಮೊದಲು ಅವನ ರಕ್ತ ಪರೀಕ್ಷಿಸಬೇಕೆಂದು ನಮ್ಮ ಶಾಲೆಗಳಲ್ಲಿ ಯಾರಿಗೂ ಹೊಳೆಯುವುದಿಲ್ಲ.

ನೀರಿಗೆ ಬಿದ್ದ ಬಲೆಯ ವಿಷಯದಲ್ಲಿ ನಾನು ಇಷ್ಟು ಖಚಿತವಾಗಿ ಮಾತಾಡಲಾರೆ, ಆದರೆ ಕೆಲವು ಸಂಗತಿಗಳು ಸ್ಪಷ್ಟವಾಗಿವೆ. ಬಿಸಿಲಿಗೆ ಬಿರಿದ ಹಗ್ಗ ನೂಲುನೂಲಾಗಿ ಉದುರುತ್ತದೆ. ಆ ಚೂರುಗಳು ತಮ್ಮೊಳಗಿನ ರಾಸಾಯನಿಕಗಳ ಜೊತೆಗೆ ನೀರಿನಲ್ಲಿರುವ ಕೀಟನಾಶಕದಂಥ ವಿಷಗಳನ್ನೂ ಅಂಟಿಸಿಕೊಳ್ಳುತ್ತವೆ. ದಕ್ಷಿಣ ಕೊರಿಯಾದಲ್ಲಿ ಜಲಕೃಷಿಗೆ ಬಳಸಿದ ಥರ್ಮೋಕೋಲ್ ತೇಲುಗಳಲ್ಲಿ ಎಚ್‌.ಬಿ.ಸಿ.ಡಿ. ಎಂಬ ಅಗ್ನಿನಿರೋಧಕ ಪತ್ತೆಯಾಗಿತ್ತು. ಸ್ಟಾಕ್‌ಹೋಮ್ ಒಪ್ಪಂದವು, ಎಂದರೆ ಪರಿಸರದಲ್ಲಿ ದೀರ್ಘಕಾಲ ಉಳಿಯುವ ವಿಷಗಳನ್ನು ತಡೆಯುವ ಅಂತಾರಾಷ್ಟ್ರೀಯ ಒಪ್ಪಂದವು, 2013ರಲ್ಲಿ ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿತು. 2020ರಲ್ಲಿ ಭಾರತವೂ ಅದಕ್ಕೆ ಒಪ್ಪಿಗೆ ನೀಡಿತು. ಬಂಗುಡೆಯನ್ನು ನಾವು ಹೊಟ್ಟೆ ಸೀಳಿ ತೊಳೆದು ತಿನ್ನುತ್ತೇವೆ, ಆದ್ದರಿಂದ ಅದರ ಹೊಟ್ಟೆಯಲ್ಲಿ ಸೇರಿದ್ದು ಬಹುಮಟ್ಟಿಗೆ ಹೊರಗೇ ಹೋಗುತ್ತದೆ. ಮರುವಾಯಿ, ಬೆಳಚು ಎಂಬ ಚಿಪ್ಪುಮೀನುಗಳ ಮತ್ತು ಇಡಿಯಾಗಿ ಒಣಗಿಸುವ ಸಣ್ಣ ಮೀನುಗಳ ವಿಷಯದಲ್ಲಿ ಹಾಗಲ್ಲ. ಅವು ಹೊಟ್ಟೆಯ ಸಮೇತ ತಟ್ಟೆಗೆ ಬರುತ್ತವೆ. ಬೆಳಚು ಆಯ್ದು ಬದುಕುವ ಸಾವಿರಾರು ಜನರಿರುವ ಅಘನಾಶಿನಿ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಹೆಸರಿಗೆ ತಕ್ಕಂತೆ ಅಲ್ಲಿಯ ಕೆಸರನ್ನೂ ಚಿಪ್ಪುಮೀನನ್ನೂ ಕಾಲಕಾಲಕ್ಕೆ ಪರೀಕ್ಷಿಸುವ ವ್ಯವಸ್ಥೆ ಆಗಬೇಕಿದೆ. ಇದನ್ನು ಓದಿ ಯಾರೂ ಮೀನು ತಿನ್ನುವುದನ್ನು ಬಿಡಬೇಕಿಲ್ಲ. ನಾನಂತೂ ಬಿಟ್ಟಿಲ್ಲ.

ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ದೇಶದಾದ್ಯಂತ ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಗೊತ್ತುಮಾಡಿದೆ. ಆದರೆ ಹಾಳಾದ ಬಲೆಯನ್ನು ಎಲ್ಲಿಗೆ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದಿರುವಾಗ ಬಡ ಮೀನುಗಾರನಿಂದ ದಂಡ ವಸೂಲಿ ಮಾಡುವುದು ನ್ಯಾಯವಲ್ಲ. ಉತ್ಪಾದಕರೇ ತ್ಯಾಜ್ಯದ ಹೊಣೆ ಹೊರಬೇಕೆಂದು ಕೇಂದ್ರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ಲಾಸ್ಟಿಕ್ ಪೊಟ್ಟಣಗಳಿಗಷ್ಟೇ ಅನ್ವಯಿಸುತ್ತದೆ. ಹಾಲಿನ ಪ್ಯಾಕೆಟ್ಟಿಗೆ ಹೊಣೆಗಾರರಿದ್ದಾರೆ, ಕ್ವಿಂಟಲ್‌ಗಟ್ಟಲೆ ತೂಗುವ ಬಲೆಗೆ ಇಲ್ಲ. ಯುರೋಪಿಯನ್ ಒಕ್ಕೂಟ 2019ರ ನಿರ್ದೇಶನದಲ್ಲಿ ಮೀನುಗಾರಿಕೆ ಸಾಮಗ್ರಿಯನ್ನೂ ತಯಾರಕರ ಹೊಣೆಗೆ ಸೇರಿಸಿತು. ಅಷ್ಟು ದೂರ ಹೋಗುವುದೂ ಬೇಡ: ಪಕ್ಕದ ಕೇರಳದಲ್ಲಿ 2017ರಿಂದ ಕೊಲ್ಲಂ ಬಳಿಯ ನೀಂಡಕರ ಮತ್ತು ಶಕ್ತಿಕುಳಂಗರ ಬಂದರುಗಳಲ್ಲಿ ‘ಶುಚಿತ್ವ ಸಾಗರಂ’ ಯೋಜನೆಯಡಿ, ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಮೀನುಗಾರರೇ ದಡಕ್ಕೆ ತಂದು ಒಪ್ಪಿಸುವ, ಅದನ್ನು ತೊಳೆದು ಪುಡಿಮಾಡಿ ರಸ್ತೆಗೆ ಬಳಸುವ ಪ್ರಯೋಗ ನಡೆಯಿತು.

ಆದ್ದರಿಂದ ನನ್ನ ಮೊದಲ ಕೋರಿಕೆ ಸರಳವಾದದ್ದು. ಮುಂದಿನ ನಿಷೇಧದ ಅವಧಿ ಶುರುವಾಗುವ ಮೊದಲು ಮಲ್ಪೆ, ಮಂಗಳೂರು, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರದ ಧಕ್ಕೆಗಳಲ್ಲಿ ಸೂರಿರುವ, ನೆಲಕ್ಕೆ ಕಾಂಕ್ರೀಟು ಹಾಕಿದ ಒಂದೊಂದು ಸಂಗ್ರಹಣಾ ಜಾಗವನ್ನು ತಮ್ಮ ಇಲಾಖೆ ತೆರೆಯಬೇಕು. ಅಲ್ಲಿ ನೈಲಾನ್, ಹಗ್ಗ, ತೇಲುಗುಂಡು, ಥರ್ಮೋಕೋಲ್, ಸೀಸ ಬೇರೆಬೇರೆಯಾಗಬೇಕು. ನೈಲಾನನ್ನು ಮತ್ತೆ ನೂಲಾಗಿಸುವ ತಂತ್ರಜ್ಞಾನ ಇರುವುದರಿಂದ ಅದಕ್ಕೆ ಗಿರಾಕಿ ಸಿಗುತ್ತಾನೆ. ಬೆಲೆಯಿಲ್ಲದ್ದೇ ಕೊನೆಗೆ ಬೆಂಕಿಗೆ ಬೀಳುವುದರಿಂದ ಸರ್ಕಾರ ಹಣ ಕೊಡಬೇಕಾದದ್ದು ಥರ್ಮೋಕೋಲಿಗೆ ಮತ್ತು ಸಿಕ್ಕುಗಟ್ಟಿದ ಹಗ್ಗಕ್ಕೆ. ಸೀಸವನ್ನು ತಂದವರಿಗೆ ಗುಜರಿಯವನು ಕೊಡುವುದಕ್ಕಿಂತ ತುಸು ಹೆಚ್ಚೇ ಕೊಟ್ಟು, ಅಚ್ಚು ಹೊಯ್ದ ಗುಂಡುಗಳನ್ನು ಮೀನುಗಾರರ ಸಹಕಾರ ಸಂಘಗಳ ಮೂಲಕ ಒದಗಿಸಿದರೆ ಹಿತ್ತಿಲ ಒಲೆ ತಾನಾಗಿ ಆರುತ್ತದೆ.

ಎರಡನೆಯದು ತಮ್ಮ ಸಂಪುಟದ ಆರೋಗ್ಯ ಸಚಿವರ ಜೊತೆ ಮಾತಾಡಿ ಆಗಬೇಕಾದದ್ದು. ಮೀನುಗಾರರ ಕೇರಿಗಳ ಅಂಗನವಾಡಿ ಮಕ್ಕಳ ಮತ್ತು ಗರ್ಭಿಣಿಯರ ರಕ್ತದಲ್ಲಿ ಸೀಸದ ಪ್ರಮಾಣವನ್ನು ಒಮ್ಮೆಯಾದರೂ ಅಳೆಯಬೇಕು. ಕರಾವಳಿಯಲ್ಲಿ ವೈದ್ಯಕೀಯ ಕಾಲೇಜುಗಳಿಗೇನೂ ಬರವಿಲ್ಲ, ಆದೇಶ ಬಂದರೆ ಕೆಲಸ ಆಗುತ್ತದೆ. ಫಲಿತಾಂಶವನ್ನು ಆಯಾ ಮನೆಯವರಿಗೆ ಕನ್ನಡದಲ್ಲಿ ತಿಳಿಸಬೇಕು. ಊರಿನ ಹೆಸರು ಕೆಡುತ್ತದೆ, ಮೀನಿನ ವ್ಯಾಪಾರಕ್ಕೆ ಧಕ್ಕೆಯಾಗುತ್ತದೆ ಎಂಬ ಕಾರಣಕ್ಕೆ ವರದಿಯನ್ನು ಕಪಾಟಿನಲ್ಲಿಡಬಾರದು.

ಈ ಎರಡು ಕೋರಿಕೆಗಳ ಬಗ್ಗೆ ಇಲಾಖೆಯ ನಿಲುವನ್ನು ಮುಂದಿನ ವಿಧಾನಮಂಡಲ ಅಧಿವೇಶನದಲ್ಲಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಉಡುಪಿ ಜಿಲ್ಲೆಯ ಒಬ್ಬ ನಿವೃತ್ತ ಅಧ್ಯಾಪಕ